ಮನೆಯಲ್ಲಿ ತುಳು, ಥೆರಪಿಯಲ್ಲಿ ಇಂಗ್ಲಿಷ್: ಆಟಿಸಂ ಇರುವ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು?

ಕಾಪುವಿನ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ಮೂರೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಬೇಕಾದದ್ದನ್ನು ಬೆರಳು ಮಾಡಿ ತೋರಿಸುವ ಬದಲು ನನ್ನ ಮಣಿಕಟ್ಟು ಹಿಡಿದು ಕಪಾಟಿನತ್ತ ಎಳೆದೊಯ್ಯುವುದು, ಆಟದ ಕಾರನ್ನು ಓಡಿಸದೆ ಮಗುಚಿ ಹಾಕಿ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ಇವನ್ನೆಲ್ಲ ನೋಡಿದ ಮಕ್ಕಳ ವೈದ್ಯರು ತಪಾಸಣೆಗೆ ಕಳುಹಿಸಿದರು. ಕಳೆದ ವರ್ಷ ಆಟಿಸಂ ಎಂದು ಖಚಿತವಾಯಿತು. ಈಗ ಸ್ಪೀಚ್ ಥೆರಪಿಗೂ, ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಶನಲ್ ಥೆರಪಿಗೂ ತಪ್ಪದೆ ಕರೆದೊಯ್ಯುತ್ತಿದ್ದೇವೆ.

ನಮ್ಮದು ತುಳು ಮನೆ. ನನ್ನ ತವರು ಕುಂದಾಪುರದ ಕಡೆಯಾದ್ದರಿಂದ ನನ್ನ ಅಮ್ಮ ಫೋನಿನಲ್ಲಿ ಮೊಮ್ಮಗನೊಡನೆ ಕುಂದಾಪುರ ಕನ್ನಡದಲ್ಲಿ ಮಾತನಾಡುತ್ತಾರೆ. ಪಕ್ಕದ ಮನೆಯವರು ಕೊಂಕಣಿಯವರು. ಥೆರಪಿ ಕೇಂದ್ರದವರು ಈಗ, ಇಷ್ಟು ಭಾಷೆಗಳಿಂದ ಮಗು ಗೊಂದಲಕ್ಕೆ ಬೀಳುತ್ತದೆ, ಹೇಗೂ ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮವೇ ತಾನೇ, ಆದ್ದರಿಂದ ಮನೆಮಂದಿಯೆಲ್ಲ ಇಂಗ್ಲಿಷ್ ಒಂದನ್ನೇ ಆಡಬೇಕು ಎಂದು ಹೇಳಿದ್ದಾರೆ. ನನಗೂ ನನ್ನ ಗಂಡನಿಗೂ ಕಚೇರಿಗೆ ಸಾಲುವಷ್ಟು ಇಂಗ್ಲಿಷ್ ಬರುತ್ತದೆ. ನಮ್ಮ ಅತ್ತೆಗೆ ಬರುವುದಿಲ್ಲ. ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಅವರೇ. ತಮ್ಮ ಮಾತಿನಿಂದ ಮೊಮ್ಮಗನಿಗೆ ತೊಂದರೆಯಾದೀತು ಎಂಬ ಅಂಜಿಕೆಯಲ್ಲಿ ಅವರು ಈಗ ಮಗುವಿನ ಎದುರು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಾರೆ. ಬೆಳಿಗ್ಗೆ ತಿಂಡಿ ತಿನ್ನಿಸುವಾಗ ಅವರು ಹೇಳುತ್ತಿದ್ದ ಹಾಡೂ ನಿಂತಿದೆ. ಈ ಸಲಹೆಗೆ ನಿಜವಾಗಿ ಆಧಾರವಿದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಬಜ್ಪೆಯ ಅಪ್ಪ

ಅಕ್ಕಾ, ನಮ್ಮ ಮಗನಿಗೆ ಈಗ ಎಂಟು ವರ್ಷ. ನಮಗೂ ಇದೇ ಮಾತನ್ನು ಹೇಳಿದ್ದರು. ನಾವು ಅದನ್ನು ಪಾಲಿಸಲಿಲ್ಲ. ಪಾಲಿಸದಿರುವುದಕ್ಕೆ ಆಗ ನಮ್ಮ ಬಳಿ ಶಾಸ್ತ್ರೀಯ ಕಾರಣವೇನೂ ಇರಲಿಲ್ಲ. ನನ್ನ ತಾಯಿ ಇಂಗ್ಲಿಷ್ ಕಲಿಯುವುದು ಸಾಧ್ಯವಿರಲಿಲ್ಲ, ಅವರನ್ನು ಸುಮ್ಮನಿರಿಸುವುದು ಅದಕ್ಕಿಂತಲೂ ಅಸಾಧ್ಯವಿತ್ತು.

ಮಗ ನಾಲ್ಕು ವರ್ಷದವನಾಗುವ ತನಕ ಸ್ವಂತವಾಗಿ ಒಂದು ವಾಕ್ಯವನ್ನೂ ಕಟ್ಟಿದವನಲ್ಲ. ಆದರೆ ಸಿಟಿ ಬಸ್ಸಿನ ಕಂಡಕ್ಟರ್ ಕೂಗುವುದನ್ನು ಹಾಗೆಯೇ ಒಪ್ಪಿಸುತ್ತಿದ್ದ. "ಪಂಪ್‌ವೆಲ್, ಕಂಕನಾಡಿ, ಜ್ಯೋತಿ, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್" ಎಂದು ಅದೇ ಏರಿಳಿತದಲ್ಲಿ, ಕೊನೆಗೆ ಒಂದು ಸೀಟಿಯ ಸದ್ದನ್ನೂ ಸೇರಿಸಿ ಹೇಳುತ್ತಿದ್ದ. ಬಂದ ನೆಂಟರು ನಗುತ್ತಿದ್ದರು. ಆದರೆ ಅವನು ಅದನ್ನು ಹೇಳುವ ಹೊತ್ತು ಯಾವುದೆಂದು ಗಮನಿಸಿದವರು ನನ್ನ ತಾಯಿ. ಮನೆಯಲ್ಲಿ ಜನ ಹೆಚ್ಚಾಗಿ ಗದ್ದಲವಾದಾಗ, ಜೋರು ಮಳೆ ಬಂದು ದಿನವಿಡೀ ಒಳಗೇ ಕೂತು ಬೇಸರವಾದಾಗ, ಒಟ್ಟಿನಲ್ಲಿ ಅವನಿಗೆ ಹೊರಗೆ ಹೋಗಬೇಕೆನಿಸಿದಾಗ ಮಾತ್ರ ಈ ಪಟ್ಟಿ ಬರುತ್ತಿತ್ತು. ಆಮೇಲೆ ಅವನು ಪಟ್ಟಿ ಶುರು ಮಾಡಿದ ಕೂಡಲೇ ಅಮ್ಮ ಚಪ್ಪಲಿ ಕೈಗೆತ್ತಿಕೊಂಡು "ಪೋಯಿ" (ಹೋಗೋಣ) ಎಂದಷ್ಟೇ ಹೇಳಿ, ಅಂಗಳಕ್ಕಾದರೂ ಸರಿ, ಕರೆದುಕೊಂಡು ಹೋಗುತ್ತಿದ್ದರು. ಕೆಲವು ತಿಂಗಳುಗಳಲ್ಲಿ ಪಟ್ಟಿಯ ಜಾಗಕ್ಕೆ "ಪೋಯಿ" ಬಂತು. ಅವನ ಮೊದಲ ಉಪಯೋಗದ ಮಾತು ಅದು. ಈಗ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ, ಮನೆಯಲ್ಲಿ ತುಳು ಆಡುತ್ತಾನೆ. ಮೂರರಲ್ಲೂ ತೊಡಕುಗಳಿವೆ, ಆದರೆ ಒಂದರ ತೊಡಕು ಇನ್ನೊಂದರಿಂದ ಬಂದದ್ದು ಎಂದು ನನಗೆ ಅನ್ನಿಸಿಲ್ಲ.

ವಾಕ್ ಚಿಕಿತ್ಸಕಿ, ಮಂಗಳೂರು

ಈ ಪ್ರಶ್ನೆ ನಮ್ಮ ಕರಾವಳಿಯಲ್ಲಿ ವಾರಕ್ಕೊಮ್ಮೆಯಾದರೂ ಎದುರಾಗುವಂಥದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಒಂದಕ್ಕಿಂತ ಹೆಚ್ಚು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಎಂಬ ನಂಬಿಕೆ ಬಹಳ ಕಾಲದಿಂದ ಇದೆ. ಅದನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನಗಳು ಈ ನಂಬಿಕೆಯನ್ನು ಎತ್ತಿ ಹಿಡಿದಿಲ್ಲ. 2012ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆಟಿಸಂ ಇರುವ 75 ಮಕ್ಕಳನ್ನು ಹೋಲಿಸಿ ನೋಡಿದಾಗ, ಎರಡು ಭಾಷೆಗಳ ಮನೆಯಲ್ಲಿ ಬೆಳೆದ ಮಕ್ಕಳು ಒಂದೇ ಭಾಷೆಯ ಮನೆಯ ಮಕ್ಕಳಿಗಿಂತ ಮಾತಿನಲ್ಲಾಗಲಿ ಸಾಮಾಜಿಕ ಕೌಶಲದಲ್ಲಾಗಲಿ ಹಿಂದುಳಿದಿರಲಿಲ್ಲ. ಬಳಿಕ ಬೇರೆ ದೇಶಗಳಲ್ಲಿ ಬೇರೆ ಬೇರೆ ಭಾಷಾಜೋಡಿಗಳ ಮೇಲೆ ನಡೆದ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ. ಆಟಿಸಂನಲ್ಲಿ ಮಾತು ತಡವಾಗುವುದು ಆಟಿಸಂನಿಂದ, ಭಾಷೆಗಳ ಸಂಖ್ಯೆಯಿಂದಲ್ಲ.

ಭಾಷೆಯನ್ನು ಕಡಿತಗೊಳಿಸುವುದರಿಂದ ಆಗುವ ನಷ್ಟದ ಬಗ್ಗೆ ಮಾತ್ರ ನಾವು ಸಾಕಷ್ಟು ಮಾತನಾಡುವುದಿಲ್ಲ. ಈ ವಯಸ್ಸಿನ ಮಗು ಕಲಿಯಬೇಕಾದದ್ದು ಶಬ್ದಗಳ ಪಟ್ಟಿಯನ್ನಲ್ಲ. ಎದುರಿಗಿರುವ ವ್ಯಕ್ತಿ ಯಾವುದನ್ನು ನೋಡುತ್ತಿದ್ದಾರೋ ಅದನ್ನು ತಾನೂ ನೋಡುವುದು, ತಾನು ಮಾಡಿದ ಸದ್ದಿಗೋ ಸನ್ನೆಗೋ ಆ ಕಡೆಯಿಂದ ಒಂದು ಉತ್ತರ ಬರುತ್ತದೆ ಎಂದು ಅರಿಯುವುದು, ಆ ಉತ್ತರಕ್ಕಾಗಿ ಕಾಯುವುದು, ಇವು ಮೊದಲು ಬರಬೇಕು. ಇವು ಬರುವುದು ದಿನವಿಡೀ ಜೊತೆಗಿರುವವರು ಲೀಲಾಜಾಲವಾಗಿ, ಮುದ್ದಾಗಿ, ಸಿಟ್ಟು ಬಂದಾಗ ಸಿಟ್ಟಿನಿಂದಲೂ ಆಡುವ ಮಾತಿನಲ್ಲಿ. ಕಚೇರಿಯ ಇಂಗ್ಲಿಷಿನಲ್ಲಿ ಮಗುವಿಗೆ "ಕಮ್, ಸಿಟ್, ಈಟ್" ಎಂದು ಆಜ್ಞೆಗಳನ್ನು ಕೊಡಬಹುದೇ ಹೊರತು, ಕಾವಲಿಯ ಮೇಲೆ ನೀರುದೋಸೆಯ ಹಿಟ್ಟು ಚುಂಯ್ ಎಂದಾಗ ಹೊರಡುವ ಉದ್ಗಾರ ಆ ಭಾಷೆಯಲ್ಲಿ ನಮಗೆ ಬರುವುದಿಲ್ಲ.

ಕಾಪುವಿನ ಅಕ್ಕನವರೇ, ನಿಮ್ಮ ಅತ್ತೆಯವರಿಗೆ ನನ್ನ ಹೆಸರಿನಲ್ಲೇ ಹೇಳಿ, ನಾಳೆ ಬೆಳಿಗ್ಗೆಯಿಂದಲೇ ಹಾಡು ಮತ್ತೆ ಶುರುವಾಗಲಿ ಎಂದು. ಅದರೊಂದಿಗೆ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಬಹುದು. ಮಗುವಿಗೆ ಚೆನ್ನಾಗಿ ಪರಿಚಯವಿರುವ ಸಾಲಿನ ಕೊನೆಯ ಶಬ್ದಕ್ಕೆ ಬಂದಾಗ ಹಾಡನ್ನು ನಿಲ್ಲಿಸಿ, ಅವನ ಮುಖವನ್ನೇ ನೋಡುತ್ತ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯಲಿ. ಮಗು ಕಣ್ಣೆತ್ತಿ ನೋಡಿದರೆ, ತುಟಿ ಅಲುಗಾಡಿಸಿದರೆ, ಅಜ್ಜಿಯ ಬಾಯನ್ನು ಮುಟ್ಟಿದರೆ, ಅಷ್ಟನ್ನೇ ಮಾತೆಂದು ಎಣಿಸಿ ಹಾಡನ್ನು ಮುಂದುವರಿಸಲಿ. ದೋಸೆಯ ತುಂಡನ್ನು ಬಾಯಿಗಿಡುವ ಮುನ್ನವೂ ಹೀಗೆಯೇ, ಕೈಯನ್ನು ಅರ್ಧದಲ್ಲಿ ತಡೆದು "ಬೋಡಾ?" (ಬೇಕಾ?) ಎಂದು ಕೇಳಿ ಕಾಯಬೇಕು. ಕಾಯುವುದು ಮಾತನಾಡುವುದಕ್ಕಿಂತ ಕಷ್ಟ. ನಾವು ಕಲಿಸಬೇಕೆಂಬ ಆತುರದಲ್ಲಿ ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿಬಿಡುತ್ತೇವೆ, ಮಗು ಮೊದಲನೆಯದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಐದನೆಯದು ಬಂದಿರುತ್ತದೆ.

ಬಜ್ಪೆಯ ಅಪ್ಪನವರು ಬರೆದ ಬಸ್ಸಿನ ಪಟ್ಟಿಯ ಬಗ್ಗೆ ಒಂದು ಮಾತು. ಕೇಳಿದ್ದನ್ನು ಹಾಗೆಯೇ ಮರುನುಡಿಯುವುದನ್ನು ಎಕೊಲೇಲಿಯಾ ಎನ್ನುತ್ತೇವೆ. 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಕುರಿತ ಮೊದಲ ಪ್ರಸಿದ್ಧ ಲೇಖನ ಬರೆದ ಲಿಯೋ ಕ್ಯಾನರ್ ಅವರೇ ಮೂರು ವರ್ಷಗಳ ಬಳಿಕ, ಅಸಂಬದ್ಧವೆಂದು ಕಾಣುವ ಇಂಥ ಮಾತುಗಳಿಗೆ ಮಗು ಅವನ್ನು ಮೊದಲು ಕೇಳಿದ ಸಂದರ್ಭದಲ್ಲಿ ಅರ್ಥ ಇರುತ್ತದೆ ಎಂದು ಉದಾಹರಣೆಗಳೊಂದಿಗೆ ತೋರಿಸಿದರು. ಹಾಗಿದ್ದೂ ದಶಕಗಳ ಕಾಲ ಥೆರಪಿಯಲ್ಲಿ ಇದನ್ನು ಅಳಿಸಿಹಾಕಬೇಕಾದ ಚಟವೆಂದೇ ನೋಡಲಾಯಿತು. ನಿಮ್ಮ ತಾಯಿಯವರು ಯಾವ ತರಬೇತಿಯೂ ಇಲ್ಲದೆ ಅದನ್ನು ಅರ್ಥ ಮಾಡಿಕೊಂಡರು.

ಕಾರ್ಕಳದ ಕೊಂಕಣಿ ಮನೆ

ಮೇಲಿನ ಅಭಿಪ್ರಾಯಗಳನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾದ ಅನುಭವವನ್ನು ಹೇಳಬೇಕಾಗಿದೆ. ನಮ್ಮ ಮಗಳಿಗೆ ಐದು ವರ್ಷ. ನಾನು ಕೊಂಕಣಿ, ನನ್ನ ಗಂಡ ಉತ್ತರ ಕರ್ನಾಟಕದವರು, ಮನೆಯಲ್ಲಿ ಮೊದಲಿನಿಂದಲೂ ಒಂದೇ ವಾಕ್ಯದಲ್ಲಿ ಮೂರು ಭಾಷೆಗಳು ಬೆರೆಯುತ್ತಿದ್ದವು. ಥೆರಪಿಸ್ಟರ ಸಲಹೆಯಂತೆ ನಾವು ಕನ್ನಡವೊಂದನ್ನೇ ಆರಿಸಿಕೊಂಡೆವು, ಹಾಗೆ ಮಾಡಿದ ಮೇಲೆ ಮಗಳು ಸೂಚನೆಗಳನ್ನು ಅನುಸರಿಸುವುದು ನಿಚ್ಚಳವಾಗಿ ಸುಧಾರಿಸಿತು. "ಕುಳಿತುಕೋ" ಎಂಬುದನ್ನು ಒಮ್ಮೆ ಒಂದು ರೀತಿ, ಇನ್ನೊಮ್ಮೆ ಇನ್ನೊಂದು ರೀತಿ ಕೇಳುತ್ತಿದ್ದ ಮಗುವಿಗೆ ಒಂದೇ ರೀತಿ ಕೇಳಿಸಿದಾಗ ಸುಲಭವಾಗಿರಬೇಕು. ಅಧ್ಯಯನಗಳು ಸರಾಸರಿಯ ಮಾತನ್ನು ಹೇಳುತ್ತವೆ, ನಮ್ಮ ಮಗು ಸರಾಸರಿಯಲ್ಲ. ಎಲ್ಲ ಭಾಷೆಗಳೂ ಇರಲಿ ಎಂಬ ಸಲಹೆಯೂ ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನು ದಾಖಲಿಸಲು ಇಷ್ಟು ಬರೆದೆ.

ವಾಕ್ ಚಿಕಿತ್ಸಕಿ, ಮಂಗಳೂರು

ಕಾರ್ಕಳದವರ ಅನುಭವ ನನ್ನ ಮಾತಿಗೆ ವಿರುದ್ಧವಾದದ್ದಲ್ಲ. ನೀವಿಬ್ಬರೂ ನೀರು ಕುಡಿದಷ್ಟು ಸುಲಭವಾಗಿ ಆಡುವ ಭಾಷೆಯನ್ನು ಆರಿಸಿಕೊಂಡಿರಿ. ಕಾಪುವಿನವರಿಗೆ ಹೇಳಿರುವುದು ಹಗಲಿಡೀ ಮಗುವಿನ ಜೊತೆಗಿರುವ ಅಜ್ಜಿಗೇ ಬಾರದ ಭಾಷೆಯನ್ನು. ಅಲ್ಲದೆ ನಿಮ್ಮಲ್ಲಿ ಸುಧಾರಣೆ ತಂದದ್ದು ಸೂಚನೆಯ ಏಕರೂಪತೆ ಇರಬಹುದು. ದಿನನಿತ್ಯ ಬೇಕಾಗುವ ಕೆಲವು ಸೂಚನೆಗಳನ್ನು ಮನೆಯವರೆಲ್ಲ ಒಂದೇ ಶಬ್ದದಲ್ಲಿ, ಒಂದೇ ಸನ್ನೆಯೊಂದಿಗೆ ಹೇಳಬೇಕೆಂದು ನಾನೂ ಕೇಳಿಕೊಳ್ಳುತ್ತೇನೆ. ಅದಕ್ಕಾಗಿ ಉಳಿದ ಮಾತುಕತೆಯನ್ನೆಲ್ಲ ನಿಲ್ಲಿಸಬೇಕಾಗಿಲ್ಲ.

ಕಿನ್ನಿಗೋಳಿಯ ನಿವೃತ್ತ ಶಿಕ್ಷಕ

ನಾನು ಅಜ್ಜನ ಸ್ಥಾನದಿಂದ ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳು ನಾಲ್ಕು ವರ್ಷದವಳು. ನಮ್ಮ ಮನೆಯ ಸಮಸ್ಯೆ ನಿಮ್ಮದಕ್ಕೆ ತದ್ವಿರುದ್ಧವಾದದ್ದು. ಮನೆಯಲ್ಲಿ ತುಳುವಲ್ಲದೆ ಬೇರೆ ಮಾತಿಲ್ಲ, ಆದರೂ ಮಗು ಆಡುವ ನಾಲ್ಕಾರು ಮಾತುಗಳೆಲ್ಲ ಇಂಗ್ಲಿಷ್. ಬಣ್ಣಗಳ ಹೆಸರು, ನೂರರವರೆಗಿನ ಎಣಿಕೆ, ಇಂಗ್ಲಿಷ್ ಅಕ್ಷರಮಾಲೆ ಎಲ್ಲವನ್ನೂ ಯೂಟ್ಯೂಬಿನಿಂದ ಕಲಿತಿದ್ದಾಳೆ, ಆದರೆ ಬಾಯಾರಿಕೆಯಾದರೆ ನೀರು ಕೇಳಲು ಬಾರದು. ಮೊಬೈಲಿನಿಂದಲೇ ಆಟಿಸಂ ಬರುತ್ತದೆ, ಅದನ್ನು ನಿಲ್ಲಿಸಿದರೆ ವಾಸಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ನನ್ನ ಸೊಸೆ ಕೆಲಸಕ್ಕೆ ಹೋಗುವುದೇ ಕಾರಣ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಮಾತು ತಡವಾದ ಮಕ್ಕಳಿಗೆ ದೇವರಿಗೊಂದು ಹರಕೆ ಹೊತ್ತು ಸುಮ್ಮನಿರುತ್ತಿದ್ದೆವು, ಕೆಲವರಿಗೆ ಮಾತು ಬಂತು, ಬಾರದವರ ವಿಷಯವನ್ನು ನಾವು ಮಾತನಾಡಲಿಲ್ಲ. ಈಗಲೂ ಹಾಗೆ ಸುಮ್ಮನೆ ಕಾಯಬೇಕೇ? ತಿಳಿದವರು ವಿವರಿಸಬೇಕು.

ಮಕ್ಕಳ ಬೆಳವಣಿಗೆಯ ವೈದ್ಯ, ಮಣಿಪಾಲ

ಮೇಷ್ಟ್ರೇ, ಸೊಸೆಯವರ ವಿಷಯವನ್ನು ಮೊದಲು ಮುಗಿಸುತ್ತೇನೆ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಎಂಬ ವಾದ 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ವೈದ್ಯವಲಯದಲ್ಲೇ ಚಲಾವಣೆಯಲ್ಲಿತ್ತು, ಅಸಂಖ್ಯ ತಾಯಂದಿರನ್ನು ನೋಯಿಸಿತು. ತಾನೂ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ವಾದ ಹೂಡಿ ಖಂಡಿಸಿದರು. ಆಟಿಸಂ ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ತಾಯಿ ಕೆಲಸಕ್ಕೆ ಹೋಗುವುದರಿಂದಾಗಲಿ, ಲಸಿಕೆಯಿಂದಾಗಲಿ ಬರುವುದಿಲ್ಲ. ಲಸಿಕೆಯ ನಂಟನ್ನು ಹೇಳಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಮೊಬೈಲಿನ ಪ್ರಶ್ನೆ ಇಷ್ಟು ನೇರವಾಗಿಲ್ಲ. 'ವರ್ಚುವಲ್ ಆಟಿಸಂ', ಅಂದರೆ ಪರದೆ ನೋಡಿ ಬರುವ ಆಟಿಸಂ, ಎಂಬ ಮಾತು ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದೆಯಾದರೂ ಅದು ರೋಗನಿರ್ಣಯದ ಯಾವ ಕೈಪಿಡಿಯಲ್ಲೂ ಇಲ್ಲ. ಹಾಗೆಂದು ಪರದೆ ನಿರುಪದ್ರವಿಯಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯನ್ನು ತೋರಿಸಲೇಬಾರದು, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಆಟಿಸಂ ಇರುವ ಮಗುವಿಗೆ ಯೂಟ್ಯೂಬಿನ ಪದ್ಯ ಏಕೆ ಹಿಡಿಸುತ್ತದೆ ಎಂದರೆ ಅದು ಪ್ರತಿ ಸಲವೂ ಒಂದಿಷ್ಟೂ ಬದಲಾಗದೆ ಬರುತ್ತದೆ ಮತ್ತು ಮಗುವಿನಿಂದ ಏನನ್ನೂ ಕೇಳುವುದಿಲ್ಲ. ಮನುಷ್ಯರು ಹಾಗಲ್ಲ. ನಿಮ್ಮ ಮೊಮ್ಮಗಳು ಕಲಿತ ಬಣ್ಣಗಳ ಹೆಸರನ್ನು ಕಿತ್ತುಹಾಕಬೇಡಿ, ಪರದೆಯಿಂದ ಹೊರಗೆ ತನ್ನಿ. ಅವಳು 'ಯೆಲ್ಲೋ' ಎಂದರೆ ಅಂಗಳದ ಹಳದಿ ದಾಸವಾಳವನ್ನೋ ಮಾಗಿದ ಬಾಳೆಹಣ್ಣನ್ನೋ ಅವಳ ಕೈಗಿಟ್ಟು ತುಳುವಿನಲ್ಲೇ ಅದರ ಮಾತನಾಡಿ. ಮೊಬೈಲನ್ನು ಒಮ್ಮೆಗೇ ಕಸಿದರೆ ರಂಪವಾಗುತ್ತದೆ. ಊಟದ ಹೊತ್ತಿನದನ್ನು ಮೊದಲು ಬಿಡಿಸಿ, ಆ ಹೊತ್ತಿಗೆ ಜೊತೆಯಲ್ಲಿ ಒಬ್ಬರು ಕೂರುವ ವ್ಯವಸ್ಥೆ ಮಾಡಿ.

ಸುಮ್ಮನೆ ಕಾಯಬೇಕೇ ಎಂಬುದಕ್ಕೆ ಉತ್ತರ, ಬೇಡ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಎಂ-ಚಾಟ್ ಎಂಬ ಸರಳ ಪ್ರಶ್ನಾವಳಿ ಇದೆ, ಅದು ರೋಗನಿರ್ಣಯವಲ್ಲ, ಮುಂದಿನ ತಪಾಸಣೆ ಬೇಕೇ ಎಂದಷ್ಟೇ ತಿಳಿಸುತ್ತದೆ. ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆಯನ್ನು ಮೊದಲು ಮಾಡಿಸಬೇಕು, ಮಗು ಟಿವಿಯ ಸದ್ದಿಗೆ ಓಡಿ ಬರುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಡಬಾರದು. ಹರಕೆಯನ್ನು ನಿಮ್ಮ ಸಮಾಧಾನಕ್ಕೆ ಹೊತ್ತುಕೊಳ್ಳಿ, ಅದರ ಜೊತೆಗೇ ತಪಾಸಣೆಯೂ ನಡೆಯಲಿ.

ಮನೆಯವರ ಮಾತುಕತೆಯ ವಿಷಯಕ್ಕೆ ಒಂದನ್ನು ಸೇರಿಸುತ್ತೇನೆ. 2016ರಲ್ಲಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು, ತಂದೆತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೋ ಮಾಡಿ ಅವರಿಗೇ ತೋರಿಸಿ, ಮಗು ಸಂಪರ್ಕಕ್ಕೆ ಯತ್ನಿಸಿದ ಕ್ಷಣಗಳನ್ನು ಗುರುತಿಸಲು ಕಲಿಸಿದರು. ತಂದೆತಾಯಿಯರು ಮಗುವಿನ ಗಮನಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸುವುದೂ, ಮಕ್ಕಳು ತಾವಾಗಿ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಾದವು. ಎಲ್ಲ ಅಳತೆಗಳಲ್ಲೂ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಥೆರಪಿ ಕೊಠಡಿಯ ಮುಕ್ಕಾಲು ಗಂಟೆಗಿಂತ ಮನೆಯ ಉಳಿದ ಹೊತ್ತು ದೊಡ್ಡದು ಎಂಬುದಕ್ಕೆ ನಮ್ಮ ಪಕ್ಕದ ಊರಿನ ಪುರಾವೆ ಇದು.

ಉಳ್ಳಾಲದ ಬ್ಯಾರಿ ಮನೆ

ಎಲ್ಲರೂ ಒಂದೇ ಶಬ್ದವನ್ನು ಬಳಸಬೇಕಾದ ಸೂಚನೆಗಳ ಬಗ್ಗೆ ಮೇಲೆ ಬಂದಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ಮಗ ಬಾಗಿಲು ತೆರೆದಿದ್ದರೆ ಸಾಕು, ನೀರಿನ ಕಡೆಗೆ ಹೊರಟುಬಿಡುತ್ತಾನೆ. ನಮ್ಮ ಮನೆಯಿಂದ ಕಡಲು ನಡೆಯುವ ದೂರದಲ್ಲಿದೆ, ಕಂಪೌಂಡಿನೊಳಗೇ ಬಾವಿ ಇದೆ. ಅವನನ್ನು ತಡೆಯಲು ನಾನು ಬ್ಯಾರಿಯಲ್ಲಿ ಒಂದು ಕೂಗುತ್ತಿದ್ದೆ, ಕೆಲಸದಾಕೆ ತುಳುವಿನಲ್ಲಿ "ಉಂತುಲ" ಎನ್ನುತ್ತಿದ್ದಳು, ನನ್ನ ಯಜಮಾನರು ಇಂಗ್ಲಿಷಿನಲ್ಲಿ. ಅವನು ಯಾವುದಕ್ಕೂ ನಿಲ್ಲುತ್ತಿರಲಿಲ್ಲ. ಆಕ್ಯುಪೇಶನಲ್ ಥೆರಪಿಯ ಮೇಡಂ ಹೇಳಿದಂತೆ ಒಂದೇ ಶಬ್ದವನ್ನು, "ಸ್ಟಾಪ್" ಎಂಬುದನ್ನು, ಅಂಗೈ ಮುಂದೆ ಚಾಚುವ ಸನ್ನೆಯೊಂದಿಗೆ ಆಟದಲ್ಲಿ ಕಲಿಸಿದೆವು. ಕೈ ಹಿಡಿದು ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ಸ್ಟಾಪ್ ಎಂದು ನಿಂತು, ನಿಂತ ಕೂಡಲೇ ಅವನಿಗಿಷ್ಟವಾದಂತೆ ಎತ್ತಿ ತಿರುಗಿಸುವ ಆಟ. ನೆರೆಮನೆಯವರಿಗೂ, ಮೂಲೆಯ ಅಂಗಡಿಯವರಿಗೂ ಅದೇ ಶಬ್ದವನ್ನು ಹೇಳಿಕೊಟ್ಟಿದ್ದೇವೆ. ಮಿಕ್ಕಂತೆ ಮನೆಯಲ್ಲಿ ಬ್ಯಾರಿಯೇ ನಡೆಯುತ್ತದೆ.

ಮಕ್ಕಳ ಬೆಳವಣಿಗೆಯ ವೈದ್ಯ, ಮಣಿಪಾಲ

ಇದನ್ನು ಪ್ರತಿಯೊಬ್ಬರೂ ಗಮನಿಸಬೇಕು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ಹೀಗೆ ಹೇಳದೆ ಹೊರಟುಹೋಗಲು ಯತ್ನಿಸಿದ್ದರೆಂದು ಪೋಷಕರು ತಿಳಿಸಿದ್ದರು. ಹೀಗೆ ಹೋದ ಮಕ್ಕಳಿಗೆ ಒದಗುವ ಅಪಾಯಗಳಲ್ಲಿ ನೀರು ಮತ್ತು ವಾಹನ ಮುಖ್ಯವಾದವು. ಬಾವಿ, ಕೆರೆ, ತೋಟದ ನೀರಿನ ಹೊಂಡ, ನದಿ, ಕಡಲು ಎಲ್ಲವೂ ಕೂಗಳತೆಯಲ್ಲಿರುವ ನಮ್ಮ ಜಿಲ್ಲೆಗಳಲ್ಲಿ, ಶಬ್ದ ಕಲಿಸುವುದು ಒಳ್ಳೆಯದೇ ಆದರೂ ಅದನ್ನು ನಂಬಿ ಕೂರುವಂತಿಲ್ಲ. ಬಾವಿಗೆ ಎತ್ತರದ ಕಟ್ಟೆಯ ಜೊತೆಗೆ ಬೀಗ ಹಾಕಬಲ್ಲ ಕಬ್ಬಿಣದ ಜಾಲರಿ ಇರಲಿ, ಗೇಟಿನ ಅಗುಳಿ ಮಗುವಿನ ಕೈಗೆ ಎಟುಕದಿರಲಿ, ಮಗುವಿನ ಬಟ್ಟೆಯೊಳಗೋ ಕೈಪಟ್ಟಿಯಲ್ಲೋ ನಿಮ್ಮ ಫೋನ್ ಸಂಖ್ಯೆ ಇರಲಿ. ಮಗು ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ನೀರಿರುವ ಕಡೆ, ಮಂಚದ ಕೆಳಗೆಲ್ಲ ಆಮೇಲೆ.

ಕಾಪುವಿನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಗೆ ಇವನ್ನೆಲ್ಲ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಥೆರಪಿ ಕೇಂದ್ರದ ಆ ಮೇಡಂ ಇಂಗ್ಲಿಷ್ ಒಂದನ್ನೇ ಆಡಿ ಎಂದು ಏಕೆ ಹೇಳಿದರು ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಡಂತೂ ಮತ್ತೆ ಆರಂಭವಾಗಿದೆ.

ಇನ್ನೆರಡು ಪ್ರಶ್ನೆಗಳಿವೆ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡುಗಳನ್ನು ಕೊಟ್ಟರೆ ಅದಕ್ಕೇ ಒಗ್ಗಿಕೊಂಡು ಮಾತನ್ನೇ ಕಲಿಯುವುದಿಲ್ಲ ಎಂದು ನನ್ನ ನಾದಿನಿ ಹೇಳುತ್ತಾಳೆ, ನಿಜವೇ? ಎರಡನೆಯದು, ಮುಂದಿನ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಬೇಕೆಂದಿದ್ದೇವೆ. ಅಂಗನವಾಡಿಗೆ ಕಳುಹಿಸುವಾಗಲೇ, ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳಲ್ಲಿ ಇವನು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಿದ್ದ. ಶಾಲೆಗೆ ಸೇರಿದ ಮೇಲೆ ಇದನ್ನು ಹೇಗೆ ನಿಭಾಯಿಸುವುದು?

ವಾಕ್ ಚಿಕಿತ್ಸಕಿ, ಮಂಗಳೂರು

ನಿಮ್ಮ ಅತ್ತೆಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮ ವೃತ್ತಿಯ ಪಠ್ಯ, ಪರೀಕ್ಷಾ ಸಾಧನ, ಚಿತ್ರಪುಸ್ತಕ ಬಹುಪಾಲು ಇಂಗ್ಲಿಷಿನಲ್ಲಿವೆ, ಸ್ವಲ್ಪ ಕನ್ನಡದಲ್ಲಿವೆ. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು, ಆದರೂ ಕನ್ನಡಕ್ಕಿರುವಷ್ಟು ಸಾಧನಗಳು ತುಳುವಿಗಿಲ್ಲ. ಥೆರಪಿಸ್ಟ್ ಕೇರಳದವರೋ ಈಶಾನ್ಯದವರೋ ಆಗಿದ್ದರೆ ಅವರಿಗೆ ತುಳು ಬಾರದು. ತಮಗಿರುವ ಅನಾನುಕೂಲವನ್ನು ಮಗುವಿನ ಅನಾನುಕೂಲವೆಂದು ತಿಳಿಯುವುದು ಅಲ್ಲಿಂದ ಬರುತ್ತದೆ, ಕೆಟ್ಟ ಉದ್ದೇಶದಿಂದಲ್ಲ. ಅವರಿಗೊಂದು ನೆರವನ್ನು ನೀವೇ ಮಾಡಬಹುದು. ಮಗುವಿಗೆ ಅರ್ಥವಾಗುವ ತುಳು ಶಬ್ದಗಳನ್ನು ಪಕ್ಕದಲ್ಲಿ ಅರ್ಥ ಸೇರಿಸಿ ಬರೆದು ಕೊಡಿ, ಸೆಷನ್ನಿನಲ್ಲಿ ಮನೆಯವರೊಬ್ಬರು ಕೂರಲು ಅವಕಾಶ ಕೇಳಿ. ಹಾಗೆ ಮಾಡದಿದ್ದರೆ ಮಗುವಿಗೆ ಗೊತ್ತಿರುವ ಎಷ್ಟೋ ಮಾತು ವರದಿಯಲ್ಲಿ 'ಗೊತ್ತಿಲ್ಲ' ಎಂದು ದಾಖಲಾಗುತ್ತದೆ.

ಕಾರ್ಡುಗಳ ಬಗ್ಗೆ ನಿಮ್ಮ ನಾದಿನಿಯ ಭಯ ಸಹಜವಾದದ್ದು, ಆದರೆ ಚಿತ್ರ, ಸನ್ನೆ ಅಥವಾ ಟ್ಯಾಬ್ ಬಳಸಿದ್ದರಿಂದ ಮಾತು ಕುಂಠಿತವಾಯಿತು ಎಂದು ಅಧ್ಯಯನಗಳು ತೋರಿಸಿಲ್ಲ, ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಾದದ್ದೂ ಉಂಟು. ಪೇಟೆಯ ಕಾರ್ಡುಗಳಲ್ಲಿ ಸೇಬು, ಬರ್ಗರ್, ಹಿಮದ ಬೊಂಬೆ ಇರುತ್ತವೆ. ಅವನ್ನು ಬಿಟ್ಟು ನಿಮ್ಮ ಮನೆಯ ಲೋಟ, ನಿಮ್ಮ ಗಂಜಿಯ ಬಟ್ಟಲು, ಮನೆಯ ಉಯ್ಯಾಲೆ, ಅಜ್ಜಿಯ ಮುಖ ಇವುಗಳ ಫೋಟೋ ತೆಗೆದು ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ. ಮಗು ಬಟ್ಟಲಿನ ಚಿತ್ರ ಕೊಟ್ಟಾಗ ಅಜ್ಜಿ "ಗಂಜಿ ಬೋಡು" (ಗಂಜಿ ಬೇಕು) ಎಂದು ಅವನ ಪರವಾಗಿ ಒಮ್ಮೆ ಹೇಳಿ, ಕೂಡಲೇ ಗಂಜಿ ಕೊಡಲಿ.

ಬಜ್ಪೆಯ ಅಪ್ಪ

ಮಳೆ ರಜೆಯ ವಿಷಯಕ್ಕೆ ನನ್ನ ಹತ್ತಿರ ಒಂದು ಉಪಾಯವಿದೆ. ಗೋಡೆಯಲ್ಲಿ ದಿನಚರಿಯ ಫೋಟೋಗಳನ್ನು ವೆಲ್ಕ್ರೋದಲ್ಲಿ ಸಾಲಾಗಿ ಅಂಟಿಸುತ್ತೇವೆ: ಸ್ನಾನ, ತಿಂಡಿ, ರಿಕ್ಷಾ, ಶಾಲೆ, ಮನೆ. ರಜೆಯ ಸುದ್ದಿ ಹಿಂದಿನ ರಾತ್ರಿಯೇ ಬಂದರೆ ಪುಣ್ಯ. ಬೆಳಿಗ್ಗೆ ಏಳರ ಹೊತ್ತಿಗೆ ಬಂದರೂ ಅವನ ಕಣ್ಣೆದುರೇ ಶಾಲೆಯ ಫೋಟೋ ತೆಗೆದು ಆ ಜಾಗದಲ್ಲಿ ಮಳೆಯ ಫೋಟೋವನ್ನೂ, ಅದರ ನಂತರ ಏನು ಮಾಡುತ್ತೇವೆ ಎಂಬುದರ ಫೋಟೋವನ್ನೂ ಅಂಟಿಸುತ್ತೇವೆ. ಬರೀ ತೆಗೆದರೆ ಆಗದು, ಖಾಲಿ ಜಾಗ ಅವನಿಗೆ ಸಹಿಸದು. ಮೊದಲ ವರ್ಷ ಇದರಿಂದ ಅಳು ನಿಲ್ಲಲಿಲ್ಲ, ಹೊತ್ತು ಕಡಿಮೆಯಾಯಿತು. ಈಗ ಜೋರು ಮಳೆ ಬಂದರೆ ಅವನೇ ಹೋಗಿ ಶಾಲೆಯ ಫೋಟೋ ಕಿತ್ತಿಡುತ್ತಾನೆ, ಜಿಲ್ಲಾಧಿಕಾರಿಗಳ ಆದೇಶಕ್ಕೂ ಕಾಯುವುದಿಲ್ಲ.

ಶಾಲೆಯವರನ್ನು ಏಪ್ರಿಲ್‌ನಲ್ಲೇ ಭೇಟಿಯಾಗಿ. ಸೇರಿಸುವ ಮುನ್ನ ಖಾಲಿ ತರಗತಿಯನ್ನೂ ಶೌಚಾಲಯವನ್ನೂ ಮಗುವಿಗೆ ತೋರಿಸಲು ಅನುಮತಿ ಕೇಳಿ, ಗಂಟೆಯ ಸದ್ದು ಎಲ್ಲಿಂದ ಬರುತ್ತದೆ ಎಂದು ನೋಡಿಕೊಳ್ಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ, ವೈಕಲ್ಯದ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ಆ ಕಾಯ್ದೆ ಒಪ್ಪುವುದಿಲ್ಲ. ಆದರೆ ಕಾಯ್ದೆಯ ಪ್ರತಿಯನ್ನು ಮೊದಲ ಭೇಟಿಯಲ್ಲೇ ಮೇಜಿನ ಮೇಲಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಒಪ್ಪಿಕೊಂಡ ಶಾಲೆಗಿಂತ, ಒಪ್ಪಿಕೊಂಡ ಟೀಚರ್ ಮುಖ್ಯ.

ಕಿನ್ನಿಗೋಳಿಯ ನಿವೃತ್ತ ಶಿಕ್ಷಕ

ವೈದ್ಯರಿಗೆ ಇನ್ನೊಂದು ಪ್ರಶ್ನೆ. ದುಬೈಯಲ್ಲಿರುವ ನಮ್ಮ ಬಂಧುಗಳು ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಮಾತು ಬರುತ್ತದೆ ಎಂದು ಜಾಹೀರಾತೊಂದನ್ನು ಕಳುಹಿಸಿದ್ದಾರೆ, ಖರ್ಚನ್ನೂ ಕೊಡಲು ಸಿದ್ಧರಿದ್ದಾರೆ.

ಮಕ್ಕಳ ಬೆಳವಣಿಗೆಯ ವೈದ್ಯ, ಮಣಿಪಾಲ

ಬೇಡ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಸ್ಪಷ್ಟಪಡಿಸಿದೆ. ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಮದ್ದು ಯಾವುದೂ ಇಲ್ಲ. ನಿದ್ದೆಯ ತೊಂದರೆ, ಅಪಸ್ಮಾರ, ಅತಿಯಾದ ರೇಗಾಟ ಇದ್ದರೆ ಅವುಗಳಿಗೆ ಚಿಕಿತ್ಸೆ ಇದೆ. ಬಂಧುಗಳ ಹಣವನ್ನು ಥೆರಪಿಯ ಶುಲ್ಕಕ್ಕೂ ಬಾವಿಯ ಜಾಲರಿಗೂ ಬಳಸಿ.

ಕಾಪುವಿನ ತಾಯಿ

ಥೆರಪಿ ಕೇಂದ್ರದವರೊಡನೆ ಮಾತನಾಡಿದೆ. ತುಳು ಶಬ್ದಗಳ ಪಟ್ಟಿಯನ್ನು ಅವರು ತೆಗೆದುಕೊಂಡರು, ಅತ್ತೆಯನ್ನು ಸೆಷನ್ನಿನೊಳಗೆ ಕೂರಿಸಲು ಮಾತ್ರ ಕೇಂದ್ರದವರು ಇನ್ನೂ ಒಪ್ಪಿಲ್ಲ, ಬೇರೆ ಮಕ್ಕಳಿಗೆ ಅಡ್ಡಿಯಾಗುತ್ತದೆ ಎನ್ನುತ್ತಾರೆ. ಮತ್ತೆ ಕೇಳುತ್ತೇನೆ. ಹಾಡಿನ ಕೊನೆಯ ಶಬ್ದಕ್ಕೆ ಅತ್ತೆ ಕಾದಾಗ ಮಗ ಅವರ ಗದ್ದ ಹಿಡಿದು ಅಲುಗಾಡಿಸುತ್ತಾನೆ. ಮಾತು ಇನ್ನೂ ಇಲ್ಲ.

ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಬೇಕೆಂದು ಒಬ್ಬರು, ಈಗಲೇ ಹಣೆಪಟ್ಟಿ ಏಕೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಅದರ ತಪಾಸಣೆಯಲ್ಲೂ ಭಾಷೆಯ ತೊಡಕು ಬರುತ್ತದೆಯೇ?

ಬಜ್ಪೆಯ ಅಪ್ಪ

ನಾವು ಮಾಡಿಸಿದ್ದೇವೆ, ಹಣೆಪಟ್ಟಿ ಎಂದು ಅನ್ನಿಸಲಿಲ್ಲ. ಯುಡಿಐಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಸ್ವಾವಲಂಬನ ಪೋರ್ಟಲಿನಲ್ಲಿ ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತದೆ. ಐಸಾ ಎಂಬ 40 ಅಂಶಗಳ ಭಾರತೀಯ ಮಾಪನದ ಮೂಲಕ, ಮಗುವನ್ನು ಗಮನಿಸಿ ಮತ್ತು ತಂದೆತಾಯಿಯನ್ನು ಕೇಳಿ ಅಂಕ ಕೊಡುತ್ತಾರೆ. ಮಗು ಪರೀಕ್ಷೆ ಬರೆಯಬೇಕಾದದ್ದೇನೂ ಇಲ್ಲದ್ದರಿಂದ ಭಾಷೆಯ ತೊಡಕು ಅಷ್ಟಾಗಿ ಬಾರದು, ಆದರೆ ಮನೆಯಲ್ಲಿ ಅವನು ಹೇಗಿರುತ್ತಾನೆಂದು ವಿವರಿಸಬಲ್ಲವರು ಜೊತೆಗಿರಬೇಕು. ನಿಮ್ಮ ಅತ್ತೆಯನ್ನು ಅಲ್ಲಿಗೆ ಖಂಡಿತ ಕರೆದೊಯ್ಯಿರಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅವಧಿ ನಿಗದಿಯಾದ ಪ್ರಮಾಣಪತ್ರ ಕೊಡುತ್ತಾರೆ, ಮುಂದೆ ಮರುತಪಾಸಣೆ ಆಗುತ್ತದೆ.

ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದಾದರೆ, ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ತಂದೆತಾಯಿಗೆ ತೆರಿಗೆಯ ಲೆಕ್ಕಕ್ಕೆ ಬರುವ ಆದಾಯದಲ್ಲಿ 75,000 ರೂಪಾಯಿಯ ಕಡಿತ ಸಿಗುತ್ತದೆ, ಶೇಕಡಾ 80ಕ್ಕೆ ಏರಿದರೆ 1,25,000. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚಿನ ಒಂದು ಪಾಲೂ ಅದರಲ್ಲಿ ಬರುತ್ತದೆ, ರಸೀದಿಗಳನ್ನು ಈಗಿನಿಂದಲೇ ಜೋಪಾನವಾಗಿಡಿ. ಅರ್ಜಿ ಹಾಕಲು ಸೈಬರ್ ಅಂಗಡಿಗೆ ಹೋಗುವ ಬದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಪುರಸಭೆಯ ವ್ಯಾಪ್ತಿಯಲ್ಲಿದ್ದರೆ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮಗುವಿನ ಆಧಾರ್, ಫೋಟೋ, ಈವರೆಗಿನ ವರದಿಗಳ ಪ್ರತಿಗಳು ಕೈಯಲ್ಲಿರಲಿ. ತಪಾಸಣೆಯ ದಿನ ಕಾಯುವುದು ದೀರ್ಘವಾಗಬಹುದಾದ್ದರಿಂದ ಅವನಿಗೆ ಇಷ್ಟವಾದ ತಿಂಡಿಯನ್ನೂ, ಚಕ್ರ ತಿರುಗಿಸುವ ಆ ಕಾರನ್ನೂ ಮರೆಯದೆ ಒಯ್ಯಿರಿ.